ಬಾಸ್ಸೂ ಪರ್ವತ ದಾಟಿದ್ದು

ತಗ್ಮಾರ್ತಿನ ವಿಮಾನ ಮೈದಾನಕ್ಕೆ ವಾರಕ್ಕೆ ಎರಡು ವಿಮಾನ ಬಂದರೆ ಅದೇ ಹೆಚ್ಚು. ಮಿಡತೆಗಳ ಮೇಲೆ ಔಷಧಿ ಚೆಲ್ಲಲೆಂದು ಫ್ರೆಂಚರು ಮಾಡಿಸಿದ್ದು. ಆಮೇಲೆ ಕಾಸಾಬ್ಲಾಂಕಾದ ಹವ್ಯಾಸಿಗಳು ಬಂದರು, ಒಮ್ಮೆ ಸಿನಿಮಾದವರು ಬಂದರು. ಈಗ ತಪ್ಪದೆ ಬರುವವರೆಂದರೆ ಕಣ್ಣಿನ ಡಾಕ್ಟರ್ ಲಮಿಯಾ. ತಿಂಗಳಿಗೊಮ್ಮೆ ಫೆಸ್‌ನಿಂದ ತಮ್ಮದೇ ಪುಟ್ಟ ವಿಮಾನ ಹಾರಿಸಿಕೊಂಡು ಬರುತ್ತಾರೆ. ವಿಮಾನ ಬರುವ ದಿನ ಮಾತ್ರ ನಾನು ಪೇಟೆಯಿಂದ ಇಂಧನದ ಪೀಪಾಯಿ ಹೇರಿಕೊಂಡು ಹೋಗುತ್ತಿದ್ದೆ. ಉಳಿದ ದಿನ ಅಲ್ಲಿ ಕಾವಲುಗಾರ ಬಾಸ್ಸೂ ಒಬ್ಬನೇ.

ಇಪ್ಪತ್ತಾರು ವರ್ಷ ಅವನು ಆ ರನ್‌ವೇ ಮೇಲಿನ ಕಲ್ಲು ಹೆಕ್ಕಿದ, ಆಡು ಓಡಿಸಿದ. ಮದುವೆಯಾಗಲಿಲ್ಲ. ಹುಟ್ಟೂರು ಪರ್ವತದಾಚೆ, ಅಲ್ಲಿ ಹದ್ದೂ ಎಂಬ ತಮ್ಮನಿದ್ದ. ತಾಯಿ ಸತ್ತ ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿತ್ತು. ಮೂರನೆಯ ದಿನ ಬಾಸ್ಸೂ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. "ನಂಗೋಸ್ಕರ ಕಾಯೋಕಾಗ್ಲಿಲ್ವೇನೋ?" ಎಂದು ತಮ್ಮನನ್ನು ಕೇಳಿ, ಉತ್ತರಕ್ಕೂ ನಿಲ್ಲದೆ ತಿರುಗಿ ಬಂದವನು ಹದಿನೇಳು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಹೋದ ಜನವರಿಯ ಒಂದು ಬೆಳಿಗ್ಗೆ, ನಾನು ಡಾಕ್ಟರ ವಿಮಾನಕ್ಕೆ ಇಂಧನ ತುಂಬುತ್ತಿದ್ದಾಗ ಅವನ ಫೋನು ಬಡಿದುಕೊಂಡಿತು. ಕಿವಿಗಿಟ್ಟು ಕೇಳಿದ.

"ಹದ್ದೂ ಹೋದನಂತೆ," ಎಂದ.

ದಾರಿ ಆಗಲೂ ಹಿಮದಲ್ಲಿ ಮುಚ್ಚಿತ್ತು.

"ವಿಮಾನ ಹತ್ತು ಕಾಕಾ," ಎಂದರು ಡಾಕ್ಟರು. "ಆಚೆ ಔಷಧಿ ಚೆಲ್ಲೋರ ಹಳೇ ಮೈದಾನ ಇದೆ. ಮುಕ್ಕಾಲು ಗಂಟೆ ಸಾಕು."

"ಬೇಡ ತಾಯಿ. ಹೋಗೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ. ನಮ್ಮಲ್ಲಿ ಯಾರು ಯಾರಿಗೆ ಕಾಯ್ತಾರೆ?"

"ಇಷ್ಟು ವರ್ಷ ವಿಮಾನ ಕಾಯ್ದೋನಿಗೆ ಹತ್ತೋಕೆ ಭಯಾನಾ?" ಎಂದು ನಾನು ಕೆಣಕಿದೆ.

"ಭಯ ನಿಮ್ಮಪ್ಪಂಗೆ!" ಎಂದವನೇ ಹತ್ತಿ ಕೂತ.

ಮುಂದಿನದು ಡಾಕ್ಟರು ಹೇಳಿದ್ದು. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದನಂತೆ. ಊರಾಚೆಯ ಗೋರಿಗಳ ಬಳಿ ಗಂಡಸರು ಕಂಬಳಿ ಹೊದ್ದು ಕೂತಿದ್ದರು. ಗುಂಡಿ ತೋಡಿಯಾಗಿತ್ತು, ಆದರೆ ಖಾಲಿಯಿತ್ತು. ಹದ್ದೂವಿನ ಮಗ ಮಿಮೂನ್ ಎದ್ದು ಬಂದು ಅವನ ಕೈಗೆ ಮುತ್ತಿಟ್ಟ.

"ಅಪ್ಪ ನಿನ್ನೆ ಸಂಜೇನೇ ಹೋದ್ರು ದೊಡ್ಡಪ್ಪ. ಬೆಳಗಿನವರೆಗೂ ನಿನ್ನ ಫೋನ್ ಸಿಗ್ಲಿಲ್ಲ. ‘ಅಣ್ಣ ಬರೋವರೆಗೂ ನನ್ನ ಎತ್ತಬೇಡಿ’ ಅಂದಿದ್ರು. ಮಣ್ಣು ಮಾಡೋಕೆ ಇಷ್ಟು ತಡ ಮಾಡಬಾರದು ಅಂತ ಊರೋರೆಲ್ಲ ಬೈತಾ ಇದಾರೆ."

"ನಾನು ಬರದೇ ಇದ್ದಿದ್ರೆ?"

"ಗೊತ್ತಿಲ್ಲ. ಅದನ್ನ ಅಪ್ಪ ಹೇಳಿರ್ಲಿಲ್ಲ."

ನಮಾಜು ಮುಗಿದ ಮೇಲೆ ಬಾಸ್ಸೂ ಗುಂಡಿಗಿಳಿದು ತಮ್ಮನನ್ನು ಕೈಯಾರೆ ಮಲಗಿಸಿದ. ಅಳಲಿಲ್ಲ. ಮೇಲೆ ಹತ್ತಿಸಲು ಮಾತ್ರ ಇಬ್ಬರು ಕೈ ಹಿಡಿದು ಎಳೆಯಬೇಕಾಯಿತು.

ಡಾಕ್ಟರು ಹಿಂತಿರುಗಿದರು. ಅವನು ಮೂರು ದಿನ ಇದ್ದು, ದಾರಿ ತೆರೆದ ಮೇಲೆ ಬಸ್ಸಿನಲ್ಲಿ ಬಂದ. ಪೇಟೆಯಿಂದ ನಾನೇ ಗಾಡಿಯಲ್ಲಿ ಮೈದಾನಕ್ಕೆ ಕರೆತಂದೆ.

"ಅಲ್ಲೇ ಉಳೀಬಹುದಿತ್ತಲ್ಲ ಮಾರಾಯ?"

"ಯಾರಿದಾರೆ ಅಲ್ಲಿ? ಜಗಳ ಆಡೋಕೆ ಇದ್ದೋನು ಅವನೊಬ್ಬ."

ಪುದೀನ ಹಾಕಿ ಚಹಾ ಕಾಯಿಸಿದ. ಮುಂದಿನ ವಿಮಾನ ಯಾವತ್ತು ಎಂದು ಕೇಳಿದ. ಗುರುವಾರವಿರಬಹುದು ಎಂದೆ. ಅಲ್ಲಿಯವರೆಗೆ ನಾನೂ ಬರುವವನಲ್ಲವೆಂದು ಅವನಿಗೆ ಗೊತ್ತು. ಎದ್ದು ಹೊರಡಬೇಕೆಂದಿದ್ದೆ. ಅಷ್ಟರಲ್ಲಿ ನನ್ನ ಲೋಟ ಮತ್ತೆ ತುಂಬಿಸಿ, "ಬಿಸಿ ಇದೆ, ನಿಧಾನಕ್ಕೆ ಕುಡಿ," ಎಂದ.