ಹಾಸಿಗೆ ಅಂಗಡಿಯ ಬೋರ್ಡು

ಗಂಡ ತೀರಿಕೊಂಡ ಮೇಲೆ ನಾನು ಕಚೇರಿಗೆ ಮರಳಿದಾಗ ಮೊದಮೊದಲು ಯಾರೂ ನನ್ನ ಮೇಜಿನ ಮೇಲೆ ಫೈಲು ಇಡಲಿಲ್ಲ. ಅದು ಅವರ ಒಳ್ಳೆಯತನ. ಆದರೆ ಸುಮ್ಮನೆ ಕೂತರೆ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಕೊನೆಗೆ ನಾನೇ ಎದ್ದು ಹೋಗಿ ಕೆಲಸ ಕೇಳಿದೆ.

ನಮ್ಮದು ದಾವಣಗೆರೆಯ ಒಂದು ಸಣ್ಣ ವಿಭಾಗ. ಆಡಳಿತ ಭಾಷೆಯ ನಿಯಮಗಳನ್ನು ಎಲ್ಲ ಇಲಾಖೆಗಳೂ ಒಂದೇ ರೀತಿ ಪಾಲಿಸುವಂತೆ ನೋಡಿಕೊಳ್ಳುತ್ತೇವೆ. ಅದಕ್ಕೆ ಕಾನೂನಿನ ಅಭಿಪ್ರಾಯ ಬರೆದುಕೊಡುವವಳು ನಾನು. ಯಾವ ಆದೇಶ ಕನ್ನಡದಲ್ಲೇ ಇರಬೇಕು, ಯಾವುದಕ್ಕೆ ವಿನಾಯಿತಿ ಇದೆ, ಇಂಗ್ಲಿಷಿನಲ್ಲಿ ಬಂದ ಪತ್ರವನ್ನು ವಾಪಸು ಕಳಿಸಬಹುದೇ, ಹೀಗೆ. ಬರೆದು, ಸಹಿ ಹಾಕಿ, ಸಂಜೆ ನಿಟ್ಟುವಳ್ಳಿಯ ಮನೆಗೆ ಹೋಗಿ ಬಾಗಿಲು ತೆಗೆಯುತ್ತಿದ್ದೆ. ದುಃಖ ಅನ್ನುವುದು ಬರುತ್ತದೆ ಎಂದು ಎಲ್ಲರೂ ಹೇಳಿದ್ದರು. ನನಗೆ ಅದು ಬಂದಿರಲಿಲ್ಲ. ಅನ್ನಕ್ಕೆ ಉಪ್ಪು ಹಾಕಿದ್ದೇನೋ ಇಲ್ಲವೋ ತಿಳಿಯುತ್ತಿರಲಿಲ್ಲ, ಅಷ್ಟೇ.

ಆ ದಿನಗಳಲ್ಲೇ ಹರಿಹರದಿಂದ ಒಬ್ಬ ಮುದುಕರು ಬಂದರು. ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುವ ಅಂಗಡಿ ಅವರದು. ಬಿಳಿ ಗಡ್ಡದಲ್ಲಿ ಹತ್ತಿಯ ಎಳೆಗಳು ಸಿಕ್ಕಿಕೊಂಡಿದ್ದವು.

"ಕೂಡ್ರಿ" ಅಂದೆ.

"ಕೂಡಾಕೆ ಬಂದಿಲ್ರಿ ಮೇಡಂ. ನನ್ನ ಬೋರ್ಡು ಎಲ್ಲೈತೆ ಅಷ್ಟು ಹೇಳ್ರಿ ಸಾಕು."

ಅಂಗಡಿಗಳ ಬೋರ್ಡು ತಪಾಸಣೆ ಮಾಡುವ ಒಂದು ಕಚೇರಿಯವರು ಅವರ ಬೋರ್ಡನ್ನು ಕಿತ್ತುಕೊಂಡು ಹೋಗಿದ್ದರು. ಅದಕ್ಕೂ ಮೊದಲು ಒಂದು ನೋಟಿಸು ಬಂದಿತ್ತು. ಅದನ್ನು ಜೇಬಿನಿಂದ ತೆಗೆದು ನನ್ನ ಮುಂದೆ ಹಿಡಿದರು. ಪೂರ್ತಿ ಇಂಗ್ಲಿಷಿನಲ್ಲಿತ್ತು.

"ಕನ್ನಡ ಬರ್ಸು ಅಂತ ಇಂಗ್ಲಿಷ್‌ನಾಗೆ ಹೇಳ್ತಾರಲ್ರಿ! ನಂಗೆ ಹೆಂಗೆ ತಿಳೀಬೇಕು? ಕರೆಂಟ್ ಬಿಲ್ಲಿಂದೇನೋ ಅನ್ಕಂಡು ಒಳಗಿಟ್ಟೆ."

ಪಕ್ಕದ ಮೇಜಿನವರು ನಕ್ಕರು. ಇನ್ನೊಂದು ಕಾಲದಲ್ಲಾಗಿದ್ದರೆ ನಾನೂ ನಗುತ್ತಿದ್ದೆ, ಮನೆಗೆ ಹೋಗಿ ಗಂಡನಿಗೂ ಹೇಳುತ್ತಿದ್ದೆ. ನೋಟಿಸಿನ ಪ್ರತಿ ತೆಗೆಸಿಕೊಂಡು, ಅವರಿಂದ ದೂರು ಬರೆಸಿಕೊಂಡೆ.

ನಮ್ಮ ಅಧಿಕಾರಿ ಫೈಲು ನೋಡಿ, "ಹುಷಾರಾಗಿ ಬರೀರಿ ಮೇಡಂ. ಕನ್ನಡಕ್ಕೆ ಅಡ್ಡ ಬಂದಂಗೆ ಕಾಣಬಾರ್ದು" ಎಂದರು. ಜಾಗ ನೋಡಿಕೊಂಡು ಬರುತ್ತೇನೆಂದು ಹೇಳಿ ಹರಿಹರದ ಬಸ್ಸು ಹತ್ತಿದೆ.

ಅಂಗಡಿಯ ಗೋಡೆಯ ಮೇಲೆ ಬೋರ್ಡು ಇದ್ದಷ್ಟು ಜಾಗ ಮಾತ್ರ ಹೊಸ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಮುದುಕರು ಮೊಬೈಲಿನಲ್ಲಿ ಫೋಟೊ ತೋರಿಸಿದರು. ಮೇಲೆ ದೊಡ್ಡದಾಗಿ ಉರ್ದು, ಕೆಳಗೆ ಸಣ್ಣದಾಗಿ ಕನ್ನಡ. ಉರ್ದುವಿನ ಸಾಲನ್ನು ಅವರ ಅಪ್ಪ ತಮ್ಮ ಕೈಯಾರೆ ಬರೆದಿದ್ದರಂತೆ. ಕನ್ನಡದ ಸಾಲನ್ನು ಇವರು ಆಮೇಲೆ ಬರೆಸಿದ್ದರು.

ಸುತ್ತಿಬಳಸಿ ಹೇಳುವ ಶಕ್ತಿ ಆಗ ನನ್ನಲ್ಲಿರಲಿಲ್ಲ. "ಕಾನೂನಿನ ಪ್ರಕಾರ ಕನ್ನಡ ಮೇಲಿರಬೇಕು, ದೊಡ್ಡದಾಗಿರಬೇಕು. ನಿಮ್ಮದು ಹಾಗಿಲ್ಲ" ಅಂದೆ.

ಅವರು ಮೊಬೈಲನ್ನು ಜೇಬಿಗೆ ಹಾಕಿದರು. "ಅಂದ್ರೆ ಅವ್ರು ಮಾಡಿದ್ದೇ ಸರಿ ಅಂತೀರಾ?"

"ಇಲ್ಲ. ನಿಮಗೆ ತಿಳಿಯೋ ಭಾಷೆಯಲ್ಲಿ ಹೇಳಬೇಕಿತ್ತು. ತಿದ್ದಿಕೊಳ್ಳೋಕೆ ಸಮಯ ಕೊಡಬೇಕಿತ್ತು. ಕಿತ್ತುಕೊಂಡು ಹೋಗಿದ್ದು ತಪ್ಪು. ಹಾಗಂತಲೇ ಬರೀತೀನಿ."

"ಅರ್ಧ ಕೊಟ್ಟು ಅರ್ಧ ಕಸ್ಕಂಡ್ರಿ" ಎಂದರು. ಸಿಟ್ಟಿರಲಿಲ್ಲ. ಚಹಾ ತರಿಸಿದರು. ಕುಡಿಯುವಾಗ, ವ್ಯಾಪಾರದ ಅಭ್ಯಾಸಕ್ಕೆ ಇರಬೇಕು, "ಮನ್ಯಾಗ ಹಳೇ ಗಾದಿ ಏನಾರ ಐತೇನ್ರಿ?" ಎಂದು ಕೇಳಿದರು. ಇದೆ ಅಂದೆ. ಕಾಯಿಲೆ ಬಿದ್ದ ಮೇಲೆ ಗಂಡ ಅದರ ಮೇಲೆಯೇ ಇದ್ದ. ಅವನು ಹೋದ ಮೇಲೆ ನಾನು ನಡುಮನೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದೆ. "ಮೊದಲು ಈ ಫೈಲು ಮುಗೀಲಿ" ಎಂದಷ್ಟೇ ಹೇಳಿದೆ.

ಅಭಿಪ್ರಾಯ ಬರೆದು ಕಳಿಸಿದೆ. ಬೋರ್ಡು ಕಿತ್ತುಕೊಂಡು ಹೋಗಿದ್ದ ಕಚೇರಿಯಿಂದ ಫೋನು ಬಂತು. "ಒಂದು ತಗಡಿನ ಬೋರ್ಡಿಗೆ ಇಷ್ಟೊಂದು ಯಾಕ್ರಿ ಮೇಡಂ?" ನಾನು ಬರೆದದ್ದನ್ನೇ ಮತ್ತೊಮ್ಮೆ ಓದಿ ಹೇಳಿದೆ. ನನ್ನ ದನಿ ಬೇರೆ ಯಾರದೋ ಅನ್ನಿಸುತ್ತಿತ್ತು. ಬೋರ್ಡು ವಾಪಸು ಹೋಯಿತು, ಒಂದು ಮೂಲೆ ಮಡಚಿಕೊಂಡಿತ್ತಂತೆ.

ಕೆಲವು ದಿನಗಳ ನಂತರ ಮುದುಕರು ಕರೆದರು. ಹೊಸದಾಗಿ ಬರೆಸಿದ್ದೇನೆ, ಈಗ ಸರಿಯಿದೆಯೇ ನೋಡಿ ಹೇಳಿ ಎಂದು. ಹೋಗಿ ನೋಡಿದೆ. ಅದೇ ತಗಡಿಗೆ ಪೂರ್ತಿ ಬಣ್ಣ ಬಳಿಸಿ, ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡ, ಕೆಳಗೆ ಉರ್ದು ಬರೆಸಿದ್ದರು. ನಿಯಮದ ಪ್ರಕಾರ ಸರಿಯಾಗಿತ್ತು.

"ಅಪ್ಪನ್ನ ಕೆಳಗೆ ಇಳಿಸಿದಂಗಾತು ನೋಡ್ರಿ" ಎಂದರು. ಆಮೇಲೆ ತಾವೇ, "ಇರ್ಲಿ ಬಿಡ್ರಿ. ಓದೋರು ಎಲ್ಲಿದ್ರೂ ಓದ್ತಾರೆ" ಅಂದರು.

ಕಚೇರಿಗೆ ಮರಳಿ, ಬೋರ್ಡು ಸರಿಯಿದೆ ಎಂದು ಫೈಲಿನಲ್ಲಿ ಬರೆದೆ.

ಫೈಲು ಮುಗಿದ ಮೇಲೆ ಗಾದಿಯನ್ನು ಲಗೇಜ್ ಆಟೊದಲ್ಲಿ ಹಾಕಿಸಿಕೊಂಡು ನಾನೇ ಹರಿಹರಕ್ಕೆ ಹೋದೆ. ಎಲ್ಲರ ಹಾಗೆ ನಾನೂ ಕೂಲಿ ಕೊಡುತ್ತೇನೆ, ಇಲ್ಲವಾದರೆ ವಾಪಸು ಒಯ್ಯುತ್ತೇನೆ ಎಂದು ಮೊದಲೇ ಹೇಳಿದೆ. ಮುದುಕರು ಗಾದಿಯನ್ನು ನೆಲಕ್ಕೆ ಹಾಸಿ ಕೈಯಾಡಿಸಿದರು. ನಡುವೆ ಒಂದು ಕಡೆ ಉದ್ದಕ್ಕೆ ತಗ್ಗು ಬಿದ್ದಿತ್ತು.

"ಯಾರಾರ ಬಾಳ ದಿನ ಮಲಗಿದ್ರೇನ್ರಿ?"

"ಹೌದು."

ಅವರು ಹೊಲಿಗೆ ಬಿಚ್ಚಿದರು. ಗಂಟುಗಟ್ಟಿದ ಹತ್ತಿಯನ್ನು ತೋಳಿನ ತುಂಬ ಎತ್ತಿ ಹಿಂಜುವ ಮಷೀನಿಗೆ ಹಾಕಿದರು. ಆ ಕಡೆಯಿಂದ ಅದು ಬಿಳಿಯಾಗಿ, ಹಗುರಾಗಿ ಬಂದು ರಾಶಿ ಬಿತ್ತು. ತಗ್ಗಿನ ಹತ್ತಿ ಯಾವುದು, ಅಂಚಿನ ಹತ್ತಿ ಯಾವುದು, ಸ್ವಲ್ಪ ಹೊತ್ತಿಗೆ ಗೊತ್ತಾಗದಂತಾಯಿತು. ಈಗ ಅಳು ಬರುತ್ತದೆ ಎಂದುಕೊಂಡು ಕಾದೆ. ಬಂದದ್ದು ಕೆಮ್ಮು. ದೂಳು ಗಂಟಲಿಗೆ ಹೋಗಿತ್ತು. "ಹೊರಗ ಬರ್ರಿ, ಇಲ್ಲಿ ನಿಲ್ಲಬ್ಯಾಡ್ರಿ" ಎಂದು ಚೊಂಬಿನಲ್ಲಿ ನೀರು ಕೊಟ್ಟರು. ಕುಡಿದೆ. ನೀರು ತಣ್ಣಗಿತ್ತು ಎಂಬುದು ಗಮನಕ್ಕೆ ಬಂತು.

ಹೊಸದಾಗಿ ಹೊಲಿದು ಬಂದ ಹಾಸಿಗೆ ಎತ್ತರವಾಗಿತ್ತು. ಮೊದಲ ರಾತ್ರಿಗಳಲ್ಲಿ ನಿದ್ದೆ ಸರಿಯಾಗಿ ಹತ್ತಲಿಲ್ಲ. ಆದರೂ ಚಾಪೆಗೆ ಹಿಂತಿರುಗಲಿಲ್ಲ.

ನಮ್ಮ ಕಚೇರಿಯಿಂದ ಒಂದು ಸುತ್ತೋಲೆ ಹೊರಟಿತು: ಅಂಗಡಿಯವರಿಗೆ ಕೊಡುವ ನೋಟಿಸುಗಳು ಕನ್ನಡದಲ್ಲಿರಬೇಕು, ತಿದ್ದಿಕೊಳ್ಳಲು ಅವಕಾಶ ಕೊಡದೆ ಬೋರ್ಡು ತೆಗೆಯಬಾರದು. ಫೋನು ಮಾಡಿದ್ದ ಅದೇ ಕಚೇರಿ ಮುಂದೊಂದು ದಿನ ಹೊಸ ನೋಟಿಸಿನ ಕರಡನ್ನು ನನ್ನ ಒಪ್ಪಿಗೆಗೆ ಕಳಿಸಿತು. ಕನ್ನಡವೇನೋ ಹೌದು. ಆದರೆ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ನಾಮಫಲಕವು" ಎಂದು ಶುರುವಾದ ವಾಕ್ಯ ಪುಟದ ಅರ್ಧದವರೆಗೆ ನಿಂತೇ ಇರಲಿಲ್ಲ. ಅದನ್ನು ಹೊಡೆದುಹಾಕಿ ಬರೆದೆ: "ನಿಮ್ಮ ಅಂಗಡಿಯ ಬೋರ್ಡಿನಲ್ಲಿ ಕನ್ನಡ ಮೇಲಿರಬೇಕು. ತಿದ್ದಿಸಲು ನಿಮಗೆ ಸಮಯವಿದೆ. ತಿಳಿಯದಿದ್ದರೆ ಬಂದು ಕೇಳಿ." ಸಹಿ ಹಾಕಿ ಕಳಿಸಿದೆ.