ಸುಣ್ಣದ ಗೆರೆಯಾಚೆ

ಆಟದ ಮೈದಾನ ಕಾಯುವ ಅಜ್ಜ ತನ್ನ ಹೆಜ್ಜೆಯೂ ತಾಗದಂತೆ ಹಿಂದೆ ಹಿಂದೆ ನಡೆಯುತ್ತಲೇ ಸುಣ್ಣದ ಗೆರೆ ಎಳೆಯುವವನು. ಅಂದು ಪಟಾಕಿ ಹಚ್ಚುವ ಜಾಗದ ಸುತ್ತಲೂ ಎಳೆದಿದ್ದ. ಮೊದಲ ರಾಕೆಟ್ಟು ಆಕಾಶದಲ್ಲಿ ಸಿಡಿದಾಗ, ಆ ಬೆಳಕಿನಲ್ಲಿ ಗೆರೆಯ ಮೇಲೆ ಪುಟ್ಟ ಬರಿಗಾಲಿನ ಗುರುತು ಕಂಡಿತು. ಹೆಜ್ಜೆ ಒಳಗೆ ಹೋಗಿತ್ತು, ಹೊರಗೆ ಬಂದಿರಲಿಲ್ಲ.

ಮೊಮ್ಮಗಳೇ ಇರಬೇಕು!

“ನಿಲ್ಲಿಸ್ರೋ, ಮಗು ಒಳಗಿದೆ!” ಎನ್ನುತ್ತಾ ಹೊಗೆಯೊಳಗೆ ನುಗ್ಗಿದ.

“ನಿಮಗೇನು ತಲೆ ಕೆಟ್ಟಿದ್ಯಾ? ಇವಳು ಇಲ್ಲೇ ಕೂತು ಜೋಳ ತಿಂತಿದಾಳಲ್ರೀ!” ಹಿಂದಿನಿಂದ ಹೆಂಡತಿ ಗದರಿದಳು.

ಹೋದ ಜೀವ ಬಂದಂತಾಗಿ ಅಜ್ಜ ತಿರುಗಿದ. ಶೂ ತೊಟ್ಟ ಮೊಮ್ಮಗಳು ಅಜ್ಜಿಯ ಮಡಿಲಿನಿಂದಲೇ ಕೂಗಿದಳು:

“ಅಜ್ಜಾ, ಬರೋವಾಗ ಅವಳನ್ನೂ ಕರ್ಕೊಂಡು ಬಾ. ಪಾಪ, ಒಬ್ಬಳೇ ಇದಾಳೆ.”

ಸುತ್ತ ಹೊಗೆ ಬಿಟ್ಟರೆ ಯಾರೂ ಇರಲಿಲ್ಲ. ಆದರೂ ಅವನ ಬಾಯಿಂದ ಮಾತು ತಾನಾಗಿ ಬಂತು: “ಬಾ ಮಗು.”

ತಣ್ಣನೆಯ ಪುಟ್ಟ ಕೈಯೊಂದು ಅವನ ಬೆರಳು ಹಿಡಿಯಿತು.