ದಿನಾ ಜನವರಿ ಒಂದು

ಹೆಣ್ಣು ನೋಡಲು ಬಂದ ದಿನ ನಾನು ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ಪೂರ್ತಿ ಸುಳ್ಳಲ್ಲ. ಸುರೇಬಾನದ ನಮ್ಮ ಮನೆಯಲ್ಲಿ ಅವಲಕ್ಕಿ, ಚಹಾ ಮುಗಿದ ಮೇಲೆ, ಮುಂದೆ ನನ್ನ ಮಾವನಾದ ಹಿರಿಯರು ಕೇಳಿದರು: "ಅಡಗಿ ಬರತೈತಿ ಅಂದ್ರಿ, ಹೊಲಿಗಿ ಬರತೈತಿ ಅಂದ್ರಿ. ಕಂಪ್ಯೂಟರ್ ಬರತೈತೇನವಾ?"

ರಾಮದುರ್ಗದಲ್ಲಿ ನಾನು ಮೂರು ತಿಂಗಳು ಟೈಪಿಂಗ್ ಕ್ಲಾಸಿಗೆ ಹೋಗಿದ್ದೆ. ಅಲ್ಲಿ ಒಂದು ಕಂಪ್ಯೂಟರಿಗೆ ನಾಲ್ಕು ಹುಡುಗಿಯರು. ನನ್ನ ಪಾಳಿ ಬರುವಷ್ಟರಲ್ಲಿ ಊರಿನ ಬಸ್ಸಿನ ಹೊತ್ತಾಗಿರುತ್ತಿತ್ತು. ಆದರೂ ತಲೆ ತಗ್ಗಿಸಿಕೊಂಡೇ "ಬರತೈತ್ರಿ" ಎಂದುಬಿಟ್ಟೆ. ಅಷ್ಟು ಹೊತ್ತು ನೆಲ ನೋಡುತ್ತ ಕೂತಿದ್ದ ಗಂಡು ಆಗ ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದರು. ನನಗೆ ಖುಷಿಯಾಯಿತು. ಆ ನೋಟದಲ್ಲಿ ಇದ್ದದ್ದು ಹೆದರಿಕೆ ಎಂದು ತಿಳಿದದ್ದು ಮದುವೆಯಾಗಿ ಮೂರು ತಿಂಗಳಾದ ಮೇಲೆ.

ವೈಶಾಖದಲ್ಲಿ ಮದುವೆಯಾಗಿ ಬೈಲಹೊಂಗಲಕ್ಕೆ ಬಂದೆ. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು. ನನ್ನವರು ಕಿತ್ತೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರು. ಸಾಲಿ ಶುರುವಾದ ಮೇಲೆ ಮುಂಜಾನೆ ಬಸ್ಸಿಗೆ ಹೋದರೆ ಸಂಜೆಗೇ ಬರುವುದು. ತರಗತಿಯಲ್ಲಿ ಗಂಟೆಗಟ್ಟಲೆ ಪಾಠ ಹೇಳುವ ಮನುಷ್ಯ ಮನೆಯಲ್ಲಿ ನನ್ನ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಏನು ಕೇಳಿದರೂ "ಹೂಂ". ಒಮ್ಮೆ "ರೊಟ್ಟಿ ಹಾಕಲ್ರಿ, ಚಪಾತಿ ಹಾಕಲ್ರಿ?" ಅಂದದ್ದಕ್ಕೂ "ಹೂಂ" ಅಂದರು. ನಾನು ಎರಡನ್ನೂ ಹಾಕಿದೆ. ಎರಡನ್ನೂ ತಿಂದರು.

ಪಡಸಾಲೆಯ ಮೂಲೆಯಲ್ಲಿ, ಅತ್ತೆ ಕಸೂತಿ ಹಾಕಿದ ಬಟ್ಟೆಯ ಕೆಳಗೆ, ಒಂದು ಹಳೆಯ ಕಂಪ್ಯೂಟರ್ ಇತ್ತು. ನನ್ನವರು ಅದರಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದರು. ಉಳಿದ ಹೊತ್ತು ಅದು ಮಾವನದು. ಅವರು ಹೊಲಕ್ಕೆ ಹೋಗಿ ಬಂದು, ಸ್ನಾನ, ಲಿಂಗಪೂಜೆ ಮುಗಿಸಿ, ಅದರ ಮುಂದೆ ಕೂತು ಒಬ್ಬರೇ ಆಡುವ ಇಸ್ಪೀಟು ಆಡುತ್ತಿದ್ದರು. ಶುರುಮಾಡಿದ ಕೂಡಲೇ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬರುತ್ತಿದ್ದವು. ಮಾವ ಅದನ್ನು ಓದದೆ ಕೀಬೋರ್ಡಿನ ಮೇಲಿನ ಸಾಲಿನ ಒಂದು ಗುಂಡಿ ಒತ್ತುತ್ತಿದ್ದರು. ಆಮೇಲೆ ಕಂಪ್ಯೂಟರ್ ಮುಂದೆ ಹೋಗುತ್ತಿತ್ತು. "ಇದಕ್ಕ ದಿನಾ ಒಮ್ಮಿ ಇದನ್ನ ಒತ್ತಬೇಕು, ಪದ್ಧತಿ" ಎಂದು ನನಗೂ ಹೇಳಿಕೊಟ್ಟಿದ್ದರು.

ಆಷಾಢದಲ್ಲಿ ಮನೆಗೆ ಇಂಟರ್ನೆಟ್ ಹಾಕಿಸಿದರು. ಮರುದಿನವೇ ಕಂಪ್ಯೂಟರ್ ಮಾತಾಡತೊಡಗಿತು.

"ಯವ್ವಾ, ಬಾ ಇಲ್ಲೆ" ಎಂದು ಮಾವ ಕರೆದರು. "ಏನೋ ಅಪ್‌ಡೇಟ್ ಬೇಕಂತ. ಕೊಟ್ಟಬಿಡು."

ಅತ್ತೆ ಅಕ್ಕಿ ಆರಿಸುತ್ತ, "ಮಗ ಬರಲಿ ಸಂಜೀಕ" ಅಂದರು.

"ಅಂವಾ ಯಾಕ? ಸೊಸಿಗೆ ಬರತೈತಿ."

ನಾನು ಸೆರಗು ಸರಿಮಾಡಿಕೊಂಡು ಗಂಭೀರವಾಗಿ ಕೂತು, ಬಾಣದ ಗುರುತನ್ನು ಪರದೆಯಲ್ಲಿ ಅಪ್‌ಡೇಟ್ ಎಂದು ಬರೆದ ಗುಂಡಿಯ ಮೇಲೆ ತಂದು ಒತ್ತಿದೆ. ಚುಕ್ಕಿಗಳು ಸ್ವಲ್ಪ ಹೊತ್ತು ಸುತ್ತಿದವು. ಆಮೇಲೆ ಕೆಂಪು ಅಕ್ಷರದಲ್ಲಿ ಅಪ್‌ಡೇಟ್ ಆಗಲಿಲ್ಲ ಎಂದು ಬಂತು. ಅದರ ಕೆಳಗೆ ಸೊನ್ನೆ, ಎಂಟು, ಏಳು, ನಡುನಡುವೆ ಎಫ್ ಸೇರಿದ ಒಂದು ಉದ್ದನೆಯ ಸಂಖ್ಯೆ.

"ಏನಂತೈತಿ?" ಮಾವ ಕೇಳಿದರು.

"ಇನ್ನೊಮ್ಮಿ ಮಾಡು ಅಂತೈತ್ರಿ" ಅಂದೆ. ಅದು ನಿಜವೇ ಆಗಿತ್ತು. ಕೆಳಗೆ ಹಾಗೆಯೇ ಬರೆದಿತ್ತು. ಇನ್ನೊಮ್ಮೆ ಮಾಡಿದೆ. ಮತ್ತೊಮ್ಮೆ ಮಾಡಿದೆ. ಆ ದಿನ ಹನ್ನೊಂದು ಸಲ ಮಾಡಿದೆ.

ಆ ವಾರವೆಲ್ಲ ನಾನು ಅಡುಗೆಮನೆಯಲ್ಲಿ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ಸದ್ದು ಸಣ್ಣಗೆ ಮಾಡಿ, ಕೆಟ್ಟ ಅಪ್‌ಡೇಟ್ ಸರಿಮಾಡುವ ವಿಡಿಯೋ ನೋಡಿದೆ. ರೊಟ್ಟಿ ಬಡಿಯುವ ಸಪ್ಪಳದಲ್ಲಿ ಅರ್ಧ ಕೇಳುತ್ತಿರಲಿಲ್ಲ. ಒಬ್ಬರು ಬಂದ್ ಮಾಡಿ ಶುರು ಮಾಡಿ ಅಂದರು, ಮಾಡಿದೆ. ಇನ್ನೊಬ್ಬರು ಜಾಗ ಖಾಲಿ ಮಾಡಿ ಅಂದರು. ನೋಡಿದರೆ ಕಂಪ್ಯೂಟರಿನ ತುಂಬ ಪ್ರಶ್ನೆಪತ್ರಿಕೆಗಳು. ನನ್ನವರನ್ನು ಕೇಳದೆ ಅಳಿಸುವಂತಿರಲಿಲ್ಲ. ಸಂಜೆ ಅವರು ಬಂದು ಕಾಲು ತೊಳೆದ ಮೇಲೆ ಕರೆದು ಕೂಡಿಸಿದೆ.

"ಒಂಬತ್ತನೇ ಕ್ಲಾಸಿನ ಪತ್ರಿಕಿ ಹದಿನೇಳ ಸಲ ಐತ್ರಿ. ಯಾವುದು ಇಟ್ಕೊಳ್ಳೂದು?"

ಅವರು ಪರದೆಯ ಹತ್ತಿರ ಬಾಗಿ ನೋಡಿದರು. ನಾನು ಹೆಸರುಗಳನ್ನು ಒಂದೊಂದಾಗಿ ಓದಿದೆ: "ಕೊನೆಯದು. ಕೊನೆಯದು ಎರಡು. ಖರೇ ಕೊನೆಯದು. ಇದೇ ಕೊನೆಯದು. ಹೆಡ್‌ಮಾಸ್ತರ್ ನೋಡಿದ ಮೇಲೆ ಕೊನೆಯದು."

"ಅದರ ಮುಂದ ಇನ್ನೊಂದ ಐತಿ ನೋಡು" ಎಂದು ಅವರು ಮೆಲ್ಲಗೆ ಹೇಳಿದರು.

"ದೇವರಾಣೆ ಕೊನೆಯದು" ಎಂದು ಓದಿ ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡೆ. ಪಕ್ಕದಲ್ಲಿ ಏನೋ ಸದ್ದಾಯಿತು. ನೋಡಿದರೆ ಅವರೂ ನಗುತ್ತಿದ್ದರು, ಭುಜ ಕುಣಿಸುತ್ತ, ಕಣ್ಣಲ್ಲಿ ನೀರು ತಂದುಕೊಂಡು. ಮದುವೆಯಾಗಿ ಮೂರು ತಿಂಗಳಿಗೆ ನನ್ನ ಗಂಡನ ಹಲ್ಲು ನೋಡಿದೆ. ಚೆಂದದ ಹಲ್ಲು.

ಆ ಧೈರ್ಯದಲ್ಲಿಯೇ ಹೇಳಿಬಿಟ್ಟೆ. "ನಾ ಒಂದ ಮಾತ ಹೇಳಬೇಕ್ರಿ. ನಂಗ ಕಂಪ್ಯೂಟರ್ ಬರಂಗಿಲ್ಲ."

ಅವರು ಹಿಂದೆ ತಿರುಗಿ ಮಾವ ಇಲ್ಲವೆಂದು ನೋಡಿಕೊಂಡು, "ನಂಗೂ ಬರಂಗಿಲ್ಲ" ಅಂದರು. "ಸಾಲ್ಯಾಗ ಕಂಪ್ಯೂಟರ್ ಎಲ್ಲಾ ನಾನ ನೋಡ್ಕೊಳ್ತೇನಿ ಅಂತ ಅಪ್ಪಗ ಹೇಳೇನಿ. ಹೆಣ್ಣ ನೋಡಾಕ ಬಂದಾಗ ನೀ ಬರತೈತಿ ಅಂದಿ ನೋಡು, ಎದಿ ಧಸಕ್ಕಂತು. ಇಕಿಗಿ ಗೊತ್ತಾಗತೈತಿ, ಮನಿ ಮಂದಿಗೆಲ್ಲಾ ಹೇಳತಾಳ ಅಂತ."

"ಅದಕ್ಕ ಮಾತಾಡಿದ್ದಿಲ್ಲೇನ್ರಿ ಇಷ್ಟ ದಿನ?"

"ಮಾತಾಡಿದ್ರ ಏನರ ಕೇಳತಿದ್ದಿ."

ನಾವಿಬ್ಬರೂ ಮತ್ತೆ ನಕ್ಕೆವು, ಈ ಸಲ ಬಿದ್ದು ಬಿದ್ದು. ಅತ್ತೆ ಅಡುಗೆಮನೆಯಿಂದ ಹಣಿಕಿ ಹಾಕಿ, "ಆತೇನು?" ಎಂದು ಕೇಳಿದರು. "ಇಲ್ಲ" ಅಂದೆವು ಒಟ್ಟಿಗೆ. "ಮತ್ತ ಯಾಕ ನಗತೀರಿ?" ಅಂದರು.

ಹದಿನಾರು ಕೊನೆಯವುಗಳನ್ನು ಅಳಿಸಿದೆವು. ಜಾಗವಾಯಿತು. ಅಪ್‌ಡೇಟ್ ಆಗಲಿಲ್ಲ.

ಅಂದಿನಿಂದ ಅವರು ಮಧ್ಯಾಹ್ನದ ಬಿಡುವಿನಲ್ಲಿ ಕಿತ್ತೂರಿನಿಂದ ಫೋನ್ ಮಾಡತೊಡಗಿದರು. ಸಾಲಿಯ ಬಾವಿಯ ಹತ್ತಿರ ನಿಂತು, ದನಿ ತಗ್ಗಿಸಿ, "ಏನಂತು?" ಎಂದು ಕೇಳುತ್ತಿದ್ದರು. "ಆಗಲಿಲ್ರಿ" ಎಂದು ನಾನೂ ಅಷ್ಟೇ ಮೆಲ್ಲಗೆ ಹೇಳುತ್ತಿದ್ದೆ. ಮಾತು ಅಷ್ಟೇ. ಆದರೆ ಆ ಫೋನಿಗಾಗಿ ನಾನು ಮುಂಜಾನೆಯಿಂದ ಕಾಯುತ್ತಿದ್ದೆ. ಅಪ್‌ಡೇಟ್ ಆಗಿಬಿಟ್ಟರೆ ಹೇಗೆ ಎಂಬ ಆತಂಕವೂ ಸಣ್ಣಗೆ ಶುರುವಾಗಿತ್ತು.

ದಾರಿ ಸಿಕ್ಕದ್ದು ಅತ್ತೆಯಿಂದ. ಶ್ರಾವಣದ ಮೊದಲ ಸೋಮವಾರ. ಅವರದು ಉಪವಾಸ. ಗುಡಿಗೆ ಹೋಗಿ ಬಂದು, ಹಣೆಗೆ ವಿಭೂತಿ ಹಚ್ಚಿಕೊಂಡು, ನನ್ನ ಪಕ್ಕ ಕುರ್ಚಿ ಎಳೆದು ಕೂತರು. ಸಾಬುದಾಣಿ ನೆನೆಯುವ ತನಕ ಅವರಿಗೂ ಬೇರೆ ಕೆಲಸವಿರಲಿಲ್ಲ. ನನ್ನ ಬಾಣದ ಗುರುತು ಹಾಗೇ ಪರದೆಯ ಕೆಳಮೂಲೆಗೆ ಹೋಗಿ ನಿಂತಿತು. ಅಲ್ಲಿ ಸಣ್ಣ ಚೌಕದಲ್ಲಿ ವಾರ, ತಾರೀಖು ಕಾಣಿಸಿತು.

"ಅದೇನ ಬರದೈತಿ?" ಅತ್ತೆ ಕೇಳಿದರು.

"ಗುರುವಾರ, ಜನವರಿ ಒಂದು" ಎಂದು ಓದಿದೆ.

"ಅಯ್ಯ, ಶ್ರಾವಣ ಸೋಮವಾರ ನಾ ಹೊಟ್ಟಿ ಕಟ್ಕೊಂಡ ಕುಂತೇನಿ. ಇದು ಗುರುವಾರ ಅಂತೈತಲ್ಲ. ಇದಕ್ಕ ತಿಥಿ-ವಾರಾನ ಗೊತ್ತಿಲ್ಲ, ನಿನಗ ಏನ ಹೇಳತೈತಿ?"

ಇಸವಿ ನೋಡಿದೆ. ಎಷ್ಟೋ ವರ್ಷ ಹಿಂದಿನದು. ನಾನಾಗ ಸುರೇಬಾನದಲ್ಲಿ ಎರಡು ಜಡೆ ಹಾಕಿಕೊಂಡು ಸಾಲಿಗೆ ಹೋಗುತ್ತಿದ್ದೆ. ಆ ಉದ್ದನೆಯ ಸಂಖ್ಯೆಯನ್ನೂ ತಾರೀಖು ಎಂಬ ಮಾತನ್ನೂ ಸೇರಿಸಿ ಮೊಬೈಲಿನಲ್ಲಿ ಹುಡುಕಿದೆ. ಇತ್ತು. ಕಂಪ್ಯೂಟರಿನ ತಾರೀಖು ತಪ್ಪಿದ್ದರೆ ಅಪ್‌ಡೇಟ್ ಕೊಡುವ ಕಡೆಯವರು ಅದನ್ನು ನಂಬುವುದಿಲ್ಲ, ಬಾಗಿಲು ತೆಗೆಯುವುದಿಲ್ಲ ಎಂದು ಬರೆದಿತ್ತು. ತಾರೀಖು ತಿದ್ದಿದೆ. ಗುಂಡಿ ಒತ್ತಿದೆ. ಚುಕ್ಕಿಗಳು ಸುತ್ತಿದವು, ನಿಂತವು. ಕೆಂಪು ಅಕ್ಷರ ಬರಲಿಲ್ಲ. ಸೊನ್ನೆ ಇದ್ದಲ್ಲಿ ಒಂದು ಬಂತು. ನೂರಕ್ಕೆ ಒಂದು.

"ಅತ್ಯಾರ, ನಡದೈತಿ" ಅಂದೆ.

"ನಡೀಲಾರದೇನು" ಎಂದು ಅವರು ಸಾಬುದಾಣಿ ನೋಡಲು ಎದ್ದರು.

ಆ ದಿನ ಮಧ್ಯಾಹ್ನ ನಾನೇ ಫೋನ್ ಮಾಡಿದೆ. "ಒಂಬತ್ತು" ಅಂದೆ. ಇನ್ನೊಂದು ಬಿಡುವಿನಲ್ಲಿ ಅವರು, "ಈಗ?" "ಹನ್ನೆರಡು." ಸಾಲಿ ಬಿಟ್ಟ ಮೇಲೆ ಬಸ್ಸಿನಿಂದ, ಜನರ ಗದ್ದಲದ ನಡುವೆ, "ಈಗೆಷ್ಟು?" "ಹತ್ತೊಂಬತ್ತು." ಪಕ್ಕದ ಸೀಟಿನವರು ಮನೆಯಲ್ಲಿ ಯಾರಿಗಾದರೂ ಜ್ವರವೇ ಎಂದು ಕೇಳಿದರಂತೆ. ಮನೆಗೆ ಬಂದವರು ಬೂಟು ಬಿಚ್ಚದೆ ಪರದೆ ನೋಡಿದರು. ಇಪ್ಪತ್ತಾರು.

ಮಲಗುವ ಮುಂಚೆ ಅತ್ತೆ ಪದ್ಧತಿಯಂತೆ ಗೋಡೆಯ ಸ್ವಿಚ್ ಬಂದ್ ಮಾಡಿದರು. ಹಿಂದೊಮ್ಮೆ ಸಿಡಿಲಿಗೆ ಟಿವಿ ಸುಟ್ಟಿತ್ತಂತೆ; ಆಮೇಲೆ ಒಂದು ದಿನವೂ ಅವರು ಮರೆತಿಲ್ಲ. ಮುಂಜಾನೆ ನೋಡಿದರೆ ಕೆಂಪು ಅಕ್ಷರ. ಕೆಳಮೂಲೆಯಲ್ಲಿ ಗುರುವಾರ, ಜನವರಿ ಒಂದು.

ಆಗ ನನಗೆ ಮಾವನ ಆ ಕಪ್ಪು ಪರದೆ ನೆನಪಾಯಿತು. ಬಂದ್ ಮಾಡಿ ಮತ್ತೆ ಶುರು ಮಾಡಿದೆ. ಮಾವನ ಕೈ ಗುಂಡಿಯ ಕಡೆ ಹೋಯಿತು.

"ಮಾಮಾರ, ಒತ್ತಬ್ಯಾಡ್ರಿ. ಏನ ಹೇಳತೈತಿ ಓದೂಣು."

ತಾರೀಖು, ವೇಳೆ ಇಲ್ಲ. ಒಳಗಿನ ಬ್ಯಾಟರಿ ಸತ್ತಿದೆ ಎಂದು ಬರೆದಿತ್ತು. ಪಾಪ, ಅದು ದಿನಾ ಮುಂಜಾನೆ ಹೇಳುತ್ತಲೇ ಇತ್ತು. ಮಾವ ದಿನಾ ಅದರ ಬಾಯಿ ಮುಚ್ಚಿಸುತ್ತಿದ್ದರು. ಅವರು ಕನ್ನಡಕ ತೆಗೆದು ಒರೆಸಿ, "ನಾ ಇದನ್ನ ನಮಸ್ಕಾರ ಅಂತ ತಿಳದಿದ್ದೆ" ಅಂದರು.

ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವವರ ಅಂಗಡಿಗೆ ಅತ್ತೆಯೂ ನಾನೂ ಹೋದೆವು. ಬೇಕಾದದ್ದು ನಾಣ್ಯದಂಥ ಒಂದು ಸಣ್ಣ ಸೆಲ್ಲು. ಮೊಬೈಲಿನಲ್ಲಿ ಚಿತ್ರ ತೋರಿಸಿದೆ.

"ಯಾವ ಗಡಿಯಾರಕ್ಕ್ರಿ ಅಕ್ಕಾರ?" ಅಂಗಡಿಯವರು ಕೇಳಿದರು.

"ಕಂಪ್ಯೂಟರ್‌ಗ್ರಿ."

"ಅದರಾಗೂ ಗಡಿಯಾರ ಇರತೈತಿ?"

"ಇರತೈತಿ, ನಿಂತೈತಿ" ಎಂದು ಅತ್ತೆ ನನಗಿಂತ ಮೊದಲು ಉತ್ತರಿಸಿದರು.

ಮನೆಗೆ ಬಂದು, ಸ್ವಿಚ್ ಬಂದ್ ಮಾಡಿ, ಎಲ್ಲ ತಂತಿ ಕಿತ್ತು, ಕಂಪ್ಯೂಟರಿನ ಡಬ್ಬಿಯನ್ನು ಚಾಪೆಯ ಮೇಲೆ ಮಲಗಿಸಿದೆ. ಹೊಲಿಗೆ ಯಂತ್ರದ ಸ್ಕ್ರೂಡ್ರೈವರಿನಿಂದ ಬದಿಯ ತಗಡು ಬಿಚ್ಚಿದೆ. ಒಳಗೆ ಬೀಸುವ ಕಲ್ಲಿನ ಸುತ್ತ ಹಿಟ್ಟು ಕೂತಂತೆ ಧೂಳು ಕೂತಿತ್ತು. ಅತ್ತೆ ಬಣ್ಣದ ಹೊಸ ಕುಂಚ ತಂದು ಕೊಟ್ಟರು. ಒಂದು ಮೂಲೆಯಲ್ಲಿ ಸೆಲ್ಲು ಹೊಳೆಯಿತು. ಅದರ ಪಕ್ಕದ ಸಣ್ಣ ಪಟ್ಟಿಯನ್ನು ಮೆಲ್ಲಗೆ ಒತ್ತಿದೆ. ಹಳೆಯದು ಟಪ್ಪೆಂದು ಹಾರಿ ಮಾವನ ಧೋತರದ ಮೇಲೆ ಬಿತ್ತು. ಹೊಸದನ್ನು ಕೂಡಿಸಿದೆ. ತಗಡು ಮುಚ್ಚಿ, ತಂತಿಗಳನ್ನು ಮತ್ತೆ ಜೋಡಿಸಿದೆ.

ತಾರೀಖು ಕೊಟ್ಟೆ, ಅಪ್‌ಡೇಟ್ ಒತ್ತಿದೆ. ಈ ಸಲ ಅತ್ತೆ ಸ್ವಿಚ್ ಬಂದ್ ಮಾಡಿದರೂ ಹೆದರಿಕೆ ಇರಲಿಲ್ಲ. ಮುಂಜಾನೆ ತಾರೀಖು ಸರಿಯಾಗಿಯೇ ಇತ್ತು. ನಿಂತಲ್ಲಿಂದ ಅಪ್‌ಡೇಟ್ ಮುಂದೆ ನಡೆಯಿತು. ಮಧ್ಯಾಹ್ನದ ಫೋನಿನಲ್ಲಿ "ಎಪ್ಪತ್ತೆಂಟು" ಅಂದಾಗ ನನ್ನವರು, "ನಾ ಅರ್ಧ ದಿನ ರಜಾ ಹಾಕ್ತೇನಿ" ಅಂದರು. ಕಾರಣವೇನು ಬರೆದುಕೊಟ್ಟರೋ ಇಂದಿಗೂ ಹೇಳಿಲ್ಲ.

ಅವರು ಬಂದಾಗ ಕಂಪ್ಯೂಟರ್ ತಾನೇ ಬಂದ್ ಆಗಿ ಶುರುವಾಗುವ ಹಂತಕ್ಕೆ ಬಂದಿತ್ತು. ನಾಲ್ವರೂ ಕೂತೆವು. ನೀಲಿ ಪರದೆ, ನಡುವೆ ಅಂಕಿ. ಮೂವತ್ತರಲ್ಲಿ ಬಹಳ ಹೊತ್ತು ನಿಂತಿತು. "ಯಾರೂ ಮುಟ್ಟಬ್ಯಾಡ್ರಿ" ಎಂದು ಮಾವ ಮೂರು ಸಲ ಹೇಳಿದರು. ಮುಟ್ಟುವವರು ಅವರೊಬ್ಬರೇ. ತೊಂಬತ್ತೆಂಟು. ತೊಂಬತ್ತೊಂಬತ್ತು. ನೂರು. ಪರದೆ ಕಪ್ಪಾಯಿತು. ನಾನು ಪಕ್ಕದ ಕೈ ಹಿಡಿದೆ. ಅದು ನನ್ನವರ ಕೈ. ಅತ್ತೆ-ಮಾವನ ಮುಂದೆ ಹಾಗೆ ಹಿಡಿದದ್ದು ಅದೇ ಮೊದಲು. ಬಿಡಬೇಕೆಂದು ಅವರಿಗೂ ಅನಿಸಲಿಲ್ಲ. ಪರದೆ ಬೆಳಗಿತು. ಎಲ್ಲ ಹೊಳೆಯುತ್ತಿತ್ತು, ಎಲ್ಲ ಬೇರೆ ಬೇರೆ ಜಾಗದಲ್ಲಿತ್ತು.

"ನನ್ನ ಇಸ್ಪೀಟ ಎಲ್ಲೈತಿ?" ಮಾವ ಕೇಳಿದರು.

ಅದನ್ನು ಹುಡುಕಲು ಎರಡು ದಿನ ಹಿಡಿಯಿತು. ಆದರೆ ಅಂದು ಅತ್ತೆ ರವೆ-ಬೆಲ್ಲದ ಸಜ್ಜಕ ಮಾಡಿದರು, ತುಪ್ಪ ಧಾರಾಳವಾಗಿ ಹಾಕಿದರು. ನಾನು ಮೂರು ಸಲ ಹಾಕಿಸಿಕೊಂಡೆ.

ಮರುದಿನ ಮಧ್ಯಾಹ್ನ ಫೋನ್ ಬಂತು. ಎತ್ತಿಕೊಂಡೆ. ಕೇಳುವುದಕ್ಕೆ ಅವರ ಹತ್ತಿರ ಏನೂ ಇರಲಿಲ್ಲ, ಹೇಳುವುದಕ್ಕೆ ನನ್ನ ಹತ್ತಿರವೂ ಇರಲಿಲ್ಲ. ಆದರೂ ಅವರು, "ಇಲ್ಲೆ ಬಾವಿ ಕಟ್ಟಿ ಮ್ಯಾಲ ಒಂದ ಮಂಗ್ಯಾ ಕುಂತೈತಿ" ಅಂದರು. "ಏನ ಮಾಡಾಕತ್ತೈತ್ರಿ?" ಅಂದೆ. ಗಂಟೆ ಹೊಡೆಯುವ ತನಕ ಆ ಮಂಗನ ಸುದ್ದಿ ನಡೆಯಿತು.

ಮುಂದಿನ ತಿಂಗಳು ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಕ್ಲಾಸಿಗೆ ಹೆಸರು ಹಚ್ಚಿದೆ. ಮಾವನಿಗೆ ಆಶ್ಚರ್ಯ. "ಬರೂದನ್ನ ಮತ್ತ ಯಾಕ ಕಲೀಬೇಕು?" ಎಂದು ಮಗನನ್ನು ಕೇಳಿದರು.

"ಅಪ್‌ಡೇಟ್ ಆಗೈತಲ್ಲಪ್ಪಾ, ಎಲ್ಲಾ ಬ್ಯಾರೆ ಆಗೈತಿ" ಎಂದು ನನ್ನವರು ಗಂಭೀರವಾಗಿ ಹೇಳಿ, ನನ್ನ ಮುಖ ನೋಡದೆ ಹೊರಗೆ ಹೋಗಿ ಬೈಕ್ ಶುರು ಮಾಡಿದರು. ಮೊದಲ ದಿನ ಬಿಟ್ಟು ಬರಲು ಅವರೇ ಬಂದದ್ದು. ಬಜಾರದ ತಿರುವು ದಾಟುವ ತನಕ ಇಬ್ಬರೂ ತಡೆದುಕೊಂಡೆವು. ಆಮೇಲೆ ನಕ್ಕು ನಕ್ಕು ಬೈಕ್ ವಾಲಾಡಿತು. ಎಳನೀರಿನ ಗಾಡಿಯವರು ಬದಿಗೆ ಸರಿದು, "ಹಗೂರಕ್ಕ ಹೋಗ್ರಿ ಮಾಸ್ತರ" ಅಂದರು.